ಎರಡು ಅರ್ಥಿಂಗ್‌ಗಳ ನಡುವಿನ 11 ವೋಲ್ಟ್

ಬೆಳಗ್ಗೆ ಏಳೂವರೆ. ತುಮಕೂರಿನ ಹೊರವಲಯದ ಒಂದು ಕಾರ್ಖಾನೆಯ ಪಂಪ್‌ಹೌಸ್ ಇದು. ನಿಮಗೆ ಕಾಣುತ್ತಿರುವ ಬೂದು ಬಣ್ಣದ ಪ್ಯಾನೆಲ್‌ನಲ್ಲಿ ನೀರಿನ ಹರಿವನ್ನು ಅಳೆಯುವ ಮೀಟರ್ ಇದೆ. ಅದರ ಲೆಕ್ಕ 250 ಮೀಟರ್ ಆಚೆಯ ಕಂಟ್ರೋಲ್ ರೂಮಿನಲ್ಲಿರುವ ಪಿಎಲ್‌ಸಿಗೆ, ಅಂದರೆ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್‌ಗೆ, ಹೋಗಬೇಕು. ರಾತ್ರಿಯೆಲ್ಲ ಸರಿಯಾಗಿಯೇ ಹೋಗುತ್ತದೆ. ಬೆಳಗ್ಗೆ ದೊಡ್ಡ ಕಂಪ್ರೆಸರ್ ಚಾಲೂ ಆದರೆ ಸಾಕು, ಮಾತು ತುಂಡಾಗುತ್ತದೆ. ಈ ಮಳೆಗಾಲದಲ್ಲಿ ಮೂರು ಎಲೆಕ್ಟ್ರಾನಿಕ್ ಕಾರ್ಡ್‌ಗಳು ಸುಟ್ಟಿವೆ.

ಇಲ್ಲಿನ ಹಿರಿಯ ಎಲೆಕ್ಟ್ರಿಷಿಯನ್ ನನ್ನನ್ನು ಬಾಗಿಲಲ್ಲೇ ತಡೆದು ಹೇಳಿದರು: “ಕೇಬಲ್ ಎಳೆದವನು ನಾನೇ ತಮ್ಮಾ, ಅದರಲ್ಲಿ ದೋಷ ಹುಡುಕಬೇಡ.” ಅವರು ಹೇಳಿದ್ದು ನಿಜ. ಪ್ರತಿ ತಂತಿಯ ತುದಿಗೂ ನಂಬರ್ ಇದೆ, ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಇಂಥ ಅಚ್ಚುಕಟ್ಟು ಕೆಲಸ ಕಂಡಾಗ ನನಗೆ ತುಂಬಾ ಗೌರವ ಮೂಡುತ್ತದೆ.

ಹಾಗಾದರೆ ಅಳೆಯಬೇಕಾದದ್ದು ನೆಲವನ್ನು, ಅಂದರೆ ಎರಡು ಕಟ್ಟಡಗಳ ಅರ್ಥಿಂಗ್ ಅನ್ನು. ಕೇಬಲ್‌ನಲ್ಲಿ ಬಳಸದೆ ಉಳಿದಿದ್ದ ಒಂದು ತಂತಿಯನ್ನು ಕಂಟ್ರೋಲ್ ರೂಮಿನ ಅರ್ಥ್‌ಗೆ ಸೇರಿಸಲು ಹೇಳಿದೆ. ಅದರ ಈ ತುದಿಗೂ ಪಂಪ್‌ಹೌಸಿನ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಟ್ಟೆ. ಪರದೆಯ ಮೇಲೆ 2 ವೋಲ್ಟ್. ಇನ್ನೂ ಸ್ವಲ್ಪ ಕಾಯೋಣ. ಕಂಪ್ರೆಸರ್ ಗುಡುಗಿತು. ನೋಡಿ, ಅಂಕಿ ಏರುತ್ತಿದೆ: 6, 9, 11. ಎರಡು ಕಟ್ಟಡಗಳ ನೆಲ ಒಂದೇ ಅಂದುಕೊಂಡಿದ್ದೆವು. ಅವುಗಳ ನಡುವೆ 11 ವೋಲ್ಟ್ ಎಸಿ ನಿಂತಿದೆ.

ಇಲ್ಲಿ ಓಡುತ್ತಿರುವುದು ಆರ್‌ಎಸ್-485, ತಂತಿಯಲ್ಲಿ ಡೇಟಾ ಕಳಿಸುವ 1983ರ ಮಾನದಂಡ. ಎ ಮತ್ತು ಬಿ ಎಂಬ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಇದು ಓದುತ್ತದೆ. 200 ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಸೊನ್ನೆಯೋ ಒಂದೋ ತಿಳಿಯುತ್ತದೆ. ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದ ಗದ್ದಲ ಅಲ್ಲೇ ಕಳೆದುಹೋಗುತ್ತದೆ. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ಸಾಗುವ ಶಕ್ತಿ ಬಂದಿರುವುದು ಅದರಿಂದಲೇ. ಆದರೆ ಈ ಸಹನೆಗೂ ಮಿತಿಯಿದೆ. ಕೇಳಿಸಿಕೊಳ್ಳುವ ಚಿಪ್‌ನ ಸ್ವಂತ ನೆಲದಿಂದ ಅಳೆದಾಗ ಆ ತಂತಿಗಳು −7ರಿಂದ +12 ವೋಲ್ಟ್‌ನೊಳಗೇ ಇರಬೇಕು. ಮಲ್ಟಿಮೀಟರ್ ತೋರಿಸುವ 11 ವೋಲ್ಟ್ ಒಂದು ಬಗೆಯ ಸರಾಸರಿ (ಆರ್‌ಎಂಎಸ್); ಆ ಎಸಿ ಅಲೆಯ ತುದಿ ಪ್ಲಸ್, ಮೈನಸ್ ಎರಡೂ ಕಡೆಗೆ 15 ವೋಲ್ಟ್ ದಾಟುತ್ತದೆ. ಚಿಪ್ ಬಾಯಿ ಮುಚ್ಚದೆ ಇನ್ನೇನು ಮಾಡೀತು?

“ಎರಡೂ ಕಡೆಯ ಕಾಮನ್‌ಗೆ ಮೂರನೆಯ ತಂತಿ ಕಟ್ಟಿಬಿಡಿ” ಎಂಬ ಸಲಹೆ ಇಲ್ಲೂ ಬಂತು. ಕಾಮನ್ ಎಂದರೆ ಉಪಕರಣದ ಒಳಗಿನ ಸೊನ್ನೆ ವೋಲ್ಟ್ ಬಿಂದು. ಎರಡು ಕಾಮನ್‌ಗಳೂ ತಮ್ಮ ತಮ್ಮ ಅರ್ಥ್‌ಗೆ ಅಂಟಿಕೊಂಡಿರುವ ಕಡೆ ಇದು ಅಪಾಯ. 0.5 ಚದರ ಮಿಲಿಮೀಟರ್ ತಾಮ್ರದ ತಂತಿ 250 ಮೀಟರ್ ಉದ್ದವಿದ್ದರೆ ಅದರ ರೋಧ ಸುಮಾರು 9 ಓಮ್. ಡೇಟಾ ತಂತಿಯ ಪಕ್ಕದಲ್ಲೇ ಒಂದು ಆಂಪಿಯರ್‌ನಷ್ಟು ಕರೆಂಟ್ ಸುತ್ತಲು ನಾವೇ ದಾರಿ ಮಾಡಿಕೊಟ್ಟಂತೆ.

ಅದಕ್ಕೇ ನಾನು ತಂದಿರುವುದು ಈ ಐಸೋಲೇಟೆಡ್ ರಿಪೀಟರ್: ಡೇಟಾವನ್ನು ಪಡೆದು ಹೊಸದಾಗಿ ಮುಂದಕ್ಕೆ ಕಳಿಸುತ್ತದೆ, ಎರಡು ಬದಿಗಳ ನಡುವೆ ಕರೆಂಟ್ ಮಾತ್ರ ಹರಿಯಗೊಡುವುದಿಲ್ಲ. ಮುಚ್ಚಳ ತೆಗೆದಿದ್ದೇನೆ, ಹತ್ತಿರದಿಂದ ನೋಡಿ. ಬೋರ್ಡಿನ ಮಧ್ಯೆ ಉದ್ದಕ್ಕೆ ಒಂದು ಸೀಳು. ಟಾರ್ಚ್ ಹಿಡಿದರೆ ಬೆಳಕು ಆಚೆ ಬೀಳುತ್ತದೆ. ಒಂದೇ ಒಂದು ತಾಮ್ರದ ಗೆರೆಯೂ ಅದನ್ನು ದಾಟಿಲ್ಲ. ಸೀಳಿನ ಮೇಲೆ ಕಾಲು ಚಾಚಿ ಕುಳಿತಿರುವ ಈ ಕಪ್ಪು ಚಿಪ್‌ಗಳೇ ಆಪ್ಟೋಕಪ್ಲರ್. ಈ ಕಡೆ ಪುಟ್ಟ ಎಲ್‌ಇಡಿ ಮಿನುಗಿದರೆ ಆ ಕಡೆಯ ಬೆಳಕಿನ ಸಂವೇದಕ ಅದನ್ನು ಓದುತ್ತದೆ. ಡೇಟಾ ಬೆಳಕಾಗಿ ದಾಟುತ್ತದೆ, ಕರೆಂಟ್ ಇಲ್ಲೇ ಉಳಿಯುತ್ತದೆ. ಒಂದು ನಿಮಿಷ 2500 ವೋಲ್ಟ್ ತಡೆಯುವುದೆಂದು ಇದರ ಮೈಮೇಲೆ ಬರೆದಿದೆ. ಸಿಡಿಲಿಗೆ ಇದೊಂದೇ ಸಾಲದು. ದಿಢೀರ್ ಏರುವ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಬೇರೆಯೇ ಬೇಕು.

ಪಕ್ಕದ ಈ ಚೌಕಾಕಾರದ ಡಬ್ಬಿಯನ್ನು ದಯವಿಟ್ಟು ಗಮನಿಸಿ. ಒಳಗೆ ಬೆರಳುಗುರಿನಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್ ಇದೆ. ಆಚೆ ಬದಿಯ ಚಿಪ್‌ಗೆ ಬೇಕಾದ 5 ವೋಲ್ಟ್ ಅನ್ನು ಬೇರ್ಪಡಿಸಿ ಕೊಡುವುದು ಇದೇ. ಒಮ್ಮೆ ಬೇರೊಂದು ಕಾರ್ಖಾನೆಯಲ್ಲಿ ದುಬಾರಿ ಐಸೋಲೇಟರ್ ಹಾಕಿ, ಎರಡೂ ಬದಿಗೆ ಒಂದೇ ಪವರ್ ಸಪ್ಲೈಯಿಂದ 24 ವೋಲ್ಟ್ ಕೊಟ್ಟಿದ್ದರು. ಬೆಳಕಿನಲ್ಲಿ ಬೇರ್ಪಟ್ಟದ್ದು ಮೈನಸ್ ತಂತಿಯಲ್ಲಿ ಮತ್ತೆ ಕೂಡಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಅಂದಿನಿಂದ ಐಸೋಲೇಟರ್ ಕೂರಿಸಿದ ಮೇಲೆ ಎರಡೂ ಬದಿಯ ಕಾಮನ್‌ಗಳ ನಡುವೆ ಕಂಟಿನ್ಯೂಟಿ, ಅಂದರೆ ತಂತಿಯ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡದೆ ನಾನು ಪ್ಯಾನೆಲ್ ಬಾಗಿಲು ಹಾಕುವುದಿಲ್ಲ. ಬೀಪ್ ಬಂದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಈಗ ಬೀಪ್ ಇಲ್ಲ. ರಿಪೀಟರ್ ಬಂದ ಮೇಲೆ ಲೈನ್ ಎರಡು ತುಂಡಾಗಿದೆ. ಹಾಗಾಗಿ ಪ್ರತಿ ತುಂಡಿನ ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್, ಸಿಗ್ನಲ್ ತುದಿಗೆ ಬಡಿದು ಮರಳದಂತೆ. ಕೇಬಲ್ ಸುತ್ತಲಿನ ಲೋಹದ ಹೊದಿಕೆಗೆ, ಅಂದರೆ ಶೀಲ್ಡ್‌ಗೆ, ಒಂದೇ ಕಡೆ ಅರ್ಥ್.

ಕಂಪ್ರೆಸರ್ ಓಡುತ್ತಿದೆ. ಮಲ್ಟಿಮೀಟರ್ ಇನ್ನೂ ಅಲ್ಲೇ ಇದೆ, 11 ವೋಲ್ಟ್ ಹಾಗೆಯೇ ಇದೆ. ಹಿರಿಯರು ಕಂಟ್ರೋಲ್ ರೂಮಿನಿಂದ ಫೋನಿನಲ್ಲಿ ಹರಿವಿನ ಅಂಕಿಗಳನ್ನು ಒಂದೊಂದಾಗಿ ಓದುತ್ತಿದ್ದಾರೆ. ನಾನು ಇಲ್ಲಿ ಮೀಟರ್ ನೋಡುತ್ತಾ ಸರಿ, ಸರಿ ಎನ್ನುತ್ತಿದ್ದೇನೆ.