ಮಾಂಟ್ರೊದಲ್ಲಿ ಎದ್ದ ಹೊಗೆ, ಅದರಿಂದ ಹುಟ್ಟಿದ ಹಾಡು

ಎಲ್ಲರಿಗೂ ನಮಸ್ಕಾರ. ಈಗ ತಾನೇ ಗಿಟಾರ್ ಹಿಡಿದಿರೋ ಹುಡುಗ್ರು ಹುಡುಗೀರು, ಪಕ್ಕದ ರೂಮಲ್ಲಿ ಕೂತು ಆ ಸದ್ದನ್ನ ಸಹಿಸ್ಕೊಳ್ತಿರೋ ಅಪ್ಪ ಅಮ್ಮಂದಿರು, ನೀವೇ ಕೇಳ್ತಿದೀರ ಅಂದ್ಕೊಂಡು ಮಾತಾಡ್ತೀನಿ. ಹಾಡು ಯಾವ್ದು ಅಂದ್ರೆ ಡೀಪ್ ಪರ್ಪಲ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ 'ಸ್ಮೋಕ್ ಆನ್ ದ ವಾಟರ್', ಅಂದ್ರೆ ನೀರಿನ ಮೇಲೆ ಹೊಗೆ. ಹೆಸರು ಗೊತ್ತಿಲ್ದಿದ್ರೂ ಅದರ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಆ ಗಿಟಾರ್ ತುಣುಕು, ನಿಮ್ಮ ಕಿವಿಗೆ ಬಿದ್ದೇ ಬಿದ್ದಿರತ್ತೆ, ಗಿಟಾರ್ ಅಂಗಡಿಗೆ ಹೋಗಿ ಹತ್ತು ನಿಮಿಷ ನಿಂತ್ರೆ ಸಾಕು, ಯಾರಾದ್ರೂ ಒಬ್ರು ಅದನ್ನೇ ನುಡಿಸ್ತಾರೆ. ನುಡಿಸಿ ಅಲ್ಲಿಗೇ ನಿಲ್ಲಿಸಿಬಿಡ್ತಾರೆ! ನಂಗೆ ಬೇಜಾರಾಗೋದು ಅಲ್ಲೇ. ಮುಂದಿನ ಮಾತು ಯಾರೂ ಕೇಳಲ್ಲ. ಆ ಹಾಡಲ್ಲಿ ಕಟ್ಟುಕತೆ ಇಲ್ಲ ಸ್ವಾಮಿ, ನಡೆದದ್ದನ್ನ ನಡೆದ ಹಾಗೇ ಹಾಡಿದಾರೆ. ಇವತ್ತು ಇದೊಂದು ಮಾತು ನೆನಪಿಟ್ಕೊಂಡ್ರೆ ಸಾಕು.

1971ರ ಡಿಸೆಂಬರ್. ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ದಡದಲ್ಲಿ ಮಾಂಟ್ರೊ ಅಂತ ಊರು. ಅಲ್ಲೊಂದು ದೊಡ್ಡ ಕ್ಯಾಸಿನೊ, ಅದರೊಳಗೆ ಸಂಗೀತ ಕಚೇರಿ ನಡೆಯೋ ಹಾಲ್. ಚಳಿಗಾಲದಲ್ಲಿ ಕ್ಯಾಸಿನೊ ಮುಚ್ಚೋರು, ಆ ಟೈಮಲ್ಲಿ ಹಾಲನ್ನೇ ಸ್ಟುಡಿಯೊ ಮಾಡ್ಕೊಂಡು ಹೊಸ ಆಲ್ಬಮ್ ರೆಕಾರ್ಡ್ ಮಾಡೋಣ ಅಂತ ಡೀಪ್ ಪರ್ಪಲ್‌ನವರು ಬಂದಿದ್ರು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರ ಹತ್ರ ಒಂದು ಲಾರಿ ಇತ್ತು, ಅದರ ಒಳಗೇ ಪೂರ್ತಿ ರೆಕಾರ್ಡಿಂಗ್ ಸ್ಟುಡಿಯೊ, ಅದನ್ನ ಬಾಡಿಗೆಗೆ ತಂದಿದ್ರು. ಕ್ಯಾಸಿನೊ ಮುಚ್ಚೋ ಮುಂಚೆ ಕೊನೇದಾಗಿ ಒಂದು ಕಚೇರಿ ಬಾಕಿ ಇತ್ತು, ಫ್ರಾಂಕ್ ಜಪ್ಪಾ ಮತ್ತೆ ಅವರ ಬ್ಯಾಂಡ್ ಮದರ್ಸ್ ಆಫ್ ಇನ್ವೆನ್ಷನ್‌ದು. ಡಿಸೆಂಬರ್ 4ನೇ ತಾರೀಕು, ಡೀಪ್ ಪರ್ಪಲ್‌ನವರೂ ಹೋಗಿ ಜನರ ಮಧ್ಯೆ ಕೂತಿದ್ರು.

ಕಚೇರಿ ನಡೀತಾ ಇದೆ, ಸಿಂಥಸೈಸರ್ ಸೋಲೊ ಬರ್ತಾ ಇದೆ, ಅಷ್ಟರಲ್ಲಿ ಜನರ ಮಧ್ಯದಿಂದ ಯಾರೋ ಒಬ್ಬ ಫ್ಲೇರ್ ಗನ್ ಹಾರಿಸಿದ. ಹಡಗಿನವರು ಅಪಾಯದಲ್ಲಿದ್ದಾಗ ಸಿಗ್ನಲ್‌ಗೆ ಆಕಾಶಕ್ಕೆ ಬೆಂಕಿಯುಂಡೆ ಹಾರಿಸ್ತಾರಲ್ಲ, ಆ ಪಿಸ್ತೂಲು. ಹಾಲಿನ ಒಳಗೆ! ಮೇಲೆ ಚಾವಣಿಗೆ ಬೆತ್ತದ ಹೊದಿಕೆ, ಒಣಗಿದ ಬೆತ್ತಕ್ಕೆ ಕಿಡಿ ಬಿದ್ರೆ ಕೇಳ್ಬೇಕಾ. ಜಪ್ಪಾ ಹಾಡು ನಿಲ್ಲಿಸಿ, ಗಾಬರಿ ಮಾಡ್ಕೋಬೇಡಿ, ಆಚೆ ನಡೀರಿ ಅಂದ್ರು. ಒಳಗೆ ತುಂಬಾ ಜನ ಇದ್ರು, ಹೆಚ್ಚಿನವರು ಹರೆಯದ ಮಕ್ಕಳು. ಆಗ ಕ್ಲಾಡ್ ನೋಬ್ಸ್ ಅನ್ನೋರು, ಮಾಂಟ್ರೊ ಜಾಝ್ ಫೆಸ್ಟಿವಲ್ ಶುರು ಮಾಡಿದವರಲ್ಲಿ ಇವರೂ ಒಬ್ರು, ಆ ಹೊಗೆಯೊಳಗೆ ಓಡಾಡಿ ಮಕ್ಕಳನ್ನ ಎಳೆದು ಎಳೆದು ಆಚೆ ತಂದ್ರು. ಗಾಯ ಆಯ್ತು, ಆದ್ರೆ ಒಂದು ಜೀವಾನೂ ಹೋಗ್ಲಿಲ್ಲ. ಜಪ್ಪಾ ಅವರ ವಾದ್ಯ, ಆಂಪ್ಲಿಫೈಯರ್ ಎಲ್ಲಾ ಸುಟ್ಟು ಬೂದಿ ಆಯ್ತು, ಕ್ಯಾಸಿನೊ ನೆಲಸಮ. ಬೆಟ್ಟದ ಕಡೆಯಿಂದ ಬೀಸೋ ಗಾಳಿಗೆ ಆ ಬೆಂಕಿಯ ಹೊಗೆ ಸರೋವರದ ನೀರಿನ ಮೇಲೆ ಹಾಸಿಕೊಂಡು ಹರಡ್ತಿರೋದನ್ನ ಬ್ಯಾಂಡಿನವರು ಕಣ್ಣಾರೆ ನೋಡಿದ್ರು.

ಈಗ ಹಾಡು ಕೇಳಿ ನೋಡಿ. ಮಾಂಟ್ರೊ ಇದೆ, ಜಪ್ಪಾ ಇದಾರೆ, ಫ್ಲೇರ್ ಗನ್ ಹಾರಿಸಿದ ಮೂರ್ಖ ಇದಾನೆ, ಮಕ್ಕಳನ್ನ ಎಳೆದು ತಂದ ಕ್ಲಾಡ್ ಇದಾರೆ, ಆ ಲಾರಿ ಕೂಡ ಇದೆ. ನಡೆದದ್ದನ್ನ ನಡೆದ ಹಾಗೇ.

ಆದ್ರೆ ರಾಗ ಮೊದಲು ಹುಟ್ತು, ಮಾತು ಆಮೇಲೆ. ಕ್ಯಾಸಿನೊ ಹೋದ್ಮೇಲೆ ಅದೇ ನೋಬ್ಸ್ ಬ್ಯಾಂಡಿನವರಿಗೆ ಪೆವಿಲಿಯನ್ ಅನ್ನೋ ಥಿಯೇಟರ್ ಹುಡುಕಿ ಕೊಟ್ರು. ರಾತ್ರಿ ಹೊತ್ತು ಅಷ್ಟು ಜೋರು ಸದ್ದು, ಊರವರು ಸುಮ್ನಿರ್ತಾರಾ, ಪೊಲೀಸ್ರು ಬಂದು ಬಾಗಿಲು ತಟ್ಟಿದ್ರು. ಒಳಗೆ ರೆಕಾರ್ಡಿಂಗ್ ಟೇಕ್ ನಡೀತಾ ಇದೆ, ಬ್ಯಾಂಡಿನ ಸಾಮಾನು ನೋಡ್ಕೊಳ್ಳೋ ಹುಡುಗ್ರು ಬಾಗಿಲನ್ನ ಒಳಗಿಂದ ಒತ್ತಿ ಹಿಡ್ಕೊಂಡಿದಾರೆ, ಟೇಕ್ ಮುಗಿಯೋವರೆಗೂ ಬಿಡ್ಲಿಲ್ಲ. ಹಂಗೆ ಉಳಿದಿದ್ದು ಒಂದೇ ಒಂದು ಟ್ರ್ಯಾಕ್, ಈ ರಿಫ್ ಇರೋ ಟ್ರ್ಯಾಕ್! ಅದಕ್ಕೆ ಆಗ ಹೆಸರೂ ಇರ್ಲಿಲ್ಲ, ಮಾತೂ ಇರ್ಲಿಲ್ಲ. ಅಲ್ಲಿಂದ ಎಬ್ಬಿಸಿದ್ಮೇಲೆ ಚಳಿಗಾಲಕ್ಕೆ ಬೀಗ ಹಾಕಿದ್ದ ಗ್ರ್ಯಾಂಡ್ ಹೋಟೆಲ್‌ಗೆ ಹೋದ್ರು, ಹೋಟೆಲ್ಲಿನ ಕಾರಿಡಾರಲ್ಲಿ ಹಾಸಿಗೆಗಳನ್ನ ಗೋಡೆಗೆ ಒರಗಿಸಿ ಸದ್ದು ಕಟ್ಟಿ ಹಾಕಿ ಉಳಿದ ಆಲ್ಬಮ್ ಮುಗಿಸಿದ್ರು. ಲಾರಿಯಿಂದ ಒಳಕ್ಕೆ ವೈರ್ ಎಳೆದಿದ್ರು, ರೆಕಾರ್ಡ್ ಆಗಿದ್ದನ್ನ ಲಾರಿಯಲ್ಲಿ ಕೇಳಕ್ಕೆ ರೂಮು ಬಾಲ್ಕನಿ ಎಲ್ಲಾ ದಾಟಿ ಹೋಗ್ಬೇಕಿತ್ತು, ಬರ್ತಾ ಬರ್ತಾ ಕೇಳಕ್ಕೆ ಹೋಗೋದನ್ನೇ ಬಿಟ್ಬಿಟ್ರು. ಎಂಜಿನಿಯರ್ ಮಾರ್ಟಿನ್ ಬರ್ಚ್ ಸರಿ ಅಂದ್ರೆ ಸರಿ.

ಬೇಸ್ ನುಡಿಸೋ ರೋಜರ್ ಗ್ಲೋವರ್ ಒಂದು ಬೆಳಿಗ್ಗೆ ನಿದ್ದೆಯಿಂದ ಏಳೋವಾಗ 'ಸ್ಮೋಕ್ ಆನ್ ದ ವಾಟರ್' ಅನ್ನೋ ಮಾತು ಬಾಯಿಗೆ ಬಂತಂತೆ. ಗಾಯಕ ಇಯಾನ್ ಗಿಲನ್‌ಗೆ ಹೇಳಿದ್ರೆ, ಅವರಿಗೆ ಅದು ಮಾದಕ ವಸ್ತುವಿನ ಹಾಡಿನ ಥರ ಕೇಳಿಸ್ತು, ಬೇಡ ಅಂದ್ರು. ಆಮೇಲೆ ಆಲ್ಬಮ್‌ಗೆ ಕೆಲವು ನಿಮಿಷ ಕಮ್ಮಿ ಬಿತ್ತು, ಪೆವಿಲಿಯನ್ ಟ್ರ್ಯಾಕ್ ಇತ್ತಲ್ಲ, ಇಬ್ರೂ ಕೂತು ಆ ದಿನ ಏನೇನಾಯ್ತೋ ಅದನ್ನೇ ಬರೆದು ಹಾಡಿದ್ರು. ನೋಡಿ, ಕಲ್ಪಿಸಿ ಬರೀಬೇಕು ಅಂತ ಹೋಗ್ಲೇ ಇಲ್ಲ.

ಸ್ಟುಡಿಯೊದವರು ಗಡಿಯಾರ ತೋರಿಸ್ತಿದಾರೆ, ರಿಫ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಮಕ್ಕಳೇ, ಒಂದೇ ತಂತಿ ಮೇಲೆ ನುಡಿಸಬೇಡಿ. ಬ್ಯಾಂಡಿನ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಎರಡೆರಡು ತಂತಿ ಜೋಡಿಯಾಗಿ ನುಡಿಸ್ತಾರೆ, ಪಿಕ್ ಇಲ್ಲದೆ, ಬೆರಳಲ್ಲಿ ಎರಡನ್ನೂ ಒಂದೇ ಸಲಕ್ಕೆ ಮೀಟ್ತಾರೆ, ಅದಕ್ಕೇ ಆ ಎರಡು ಸ್ವರ ಒಂದರ ಹಿಂದೆ ಒಂದು ಬರಲ್ಲ, ಒಟ್ಟಿಗೇ ಬೀಳ್ತವೆ. ಆ ದಪ್ಪ ಸದ್ದು ಗಿಟಾರ್‌ದು ಮಾತ್ರ ಅಂದ್ಕೋಬೇಡಿ, ಕೀಬೋರ್ಡ್ ನುಡಿಸೋ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನ ಗಿಟಾರಿನ ಆಂಪ್ಲಿಫೈಯರ್‌ಗೆ ಕೊಟ್ಟು ಅದೇ ರಿಫ್ ನುಡಿಸಿದಾರೆ.

ಆಲ್ಬಮ್ 'ಮೆಷಿನ್ ಹೆಡ್' 1972ರ ಮಾರ್ಚಲ್ಲಿ ಬಂತು. ಆಗ ಸಿಂಗಲ್ ಅಂತ, ಅಂದ್ರೆ ಬಿಡಿ ಹಾಡಾಗಿ, ಬಿಟ್ಟಿದ್ದು ಬೇರೆ ಹಾಡು, ಇದು ಹಿಟ್ ಆಗತ್ತೆ ಅಂತ ಬ್ಯಾಂಡಿನವರೇ ಅಂದ್ಕೊಂಡಿರ್ಲಿಲ್ಲ. 1973ರಲ್ಲಿ ಅಮೆರಿಕದಲ್ಲಿ ಸಿಂಗಲ್ ಮಾಡಿದ್ರು, ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಜಾಗಕ್ಕೆ ಹೋಯ್ತು. 1972ರ ಆಗಸ್ಟಲ್ಲಿ ಜಪಾನಿನ ಒಸಾಕಾದಲ್ಲಿ ನುಡಿಸಿದ್ದು 'ಮೇಡ್ ಇನ್ ಜಪಾನ್' ಅನ್ನೋ ಲೈವ್ ಆಲ್ಬಮ್‌ನಲ್ಲಿದೆ, ಅದನ್ನ ಆಮೇಲೆ ಹುಡುಕಿ ಕೇಳಿ.

ಈಗ ಇಲ್ಲಿ ಆಲ್ಬಮ್ಮಿನ ಹಾಡೇ ಹಾಕ್ತಾರೆ. ಮೊದಲು ಗಿಟಾರ್ ಒಂದೇ, ಆಮೇಲೆ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳದ ತಟ್ಟೆ) ಜೊತೆ ಆರ್ಗನ್, ಆಮೇಲೆ ಪೂರ್ತಿ ಡ್ರಮ್ಸ್, ಕೊನೇಲಿ ಬೇಸ್. ಅಲ್ಲಿಗೆ ರೇಡಿಯೊ ಸೌಂಡ್ ಕಮ್ಮಿ ಮಾಡ್ಬೇಡಿ ದಯವಿಟ್ಟು, ಗಿಲನ್ ಬಾಯಿ ತೆಗೆದ ಮೊದಲ ಸಾಲಲ್ಲೇ ಮಾಂಟ್ರೊ ಬರತ್ತೆ, ಅಲ್ಲಿಂದ ಮಾತು ಕೇಳಿ.