ಜಾಹೀರಾತು ಬರುವ ಮೊದಲೇ ತಡೆಯುವುದು

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನಲ್ಲಿ ಸುದ್ದಿ ಓದೋಣ ಅಂತ ಒಂದು ಪುಟ ತೆರೆಯುತ್ತೀರಿ. ಸುದ್ದಿ ಬರುವುದು ಆ ಪತ್ರಿಕೆಯ ಸರ್ವರಿನಿಂದ. ಆದರೆ ಪುಟದೊಳಗೆ ಜಾಹೀರಾತು ಕಳಿಸುವ, ಓದುಗರ ಜಾಡು ಹಿಡಿಯುವ ಬೇರೆ ಕಂಪನಿಗಳ ವಿಳಾಸಗಳೂ ಇರುತ್ತವೆ. ಬ್ರೌಸರ್ ಆ ವಿಳಾಸಗಳಿಗೂ ಒಂದೊಂದಾಗಿ ಕೋರಿಕೆ ಕಳಿಸುತ್ತದೆ. ಚಿತ್ರ ಕೊಡಿ, ಸ್ಕ್ರಿಪ್ಟ್ ಅನ್ನುವ ಪುಟ್ಟ ಪ್ರೋಗ್ರಾಂ ಕೊಡಿ ಅಂತ. ಹಾಗೆ ಕೇಳುವಾಗಲೇ ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ, ಅವರಿಗೆ ಸಿಗುತ್ತದೆ. ಯಾವ ಜಾಲತಾಣದಲ್ಲಿದ್ದೀರಿ ಎನ್ನುವುದೂ ಸಾಮಾನ್ಯವಾಗಿ ತಿಳಿಯುತ್ತದೆ. ಹಿಂದೆ ನಿಮ್ಮ ಬ್ರೌಸರಿನಲ್ಲಿ ಇಟ್ಟ ಕುಕೀ ಎಂಬ ಗುರುತಿನ ತುಣುಕು ಇದ್ದರೆ, ನೀವು ಅದೇ ಹಳೆಯ ಓದುಗ ಅಂತ ಗುರುತೂ ಹಿಡಿಯಬಹುದು. ಕೆಲವು ಸಲ ಅವರು ಕಳಿಸುವ ಚಿತ್ರ ಬರೀ ಒಂದು ಪಿಕ್ಸೆಲ್, ಅಂದರೆ ಪರದೆಯ ಒಂದೇ ಚುಕ್ಕಿ. ಕಣ್ಣಿಗೆ ಕಾಣುವುದೇ ಇಲ್ಲ. ನಿಮ್ಮ ಬ್ರೌಸರ್ ಬಂದು ಕೇಳಲಿ ಅಂತಲೇ ಅದನ್ನು ಇಟ್ಟಿರುತ್ತಾರೆ.

ಹಾಗಾಗಿ ಬಂದ ಜಾಹೀರಾತನ್ನು ಆಮೇಲೆ ಮರೆಮಾಡಿದರೆ ಕಣ್ಣಿಗಷ್ಟೇ ನೆಮ್ಮದಿ. ವಿವರ ಆಗಲೇ ಹೋಗಿರುತ್ತದೆ. ಬ್ಲಾಕರ್ ಅಂದರೆ ಜಾಹೀರಾತು ತಡೆಯಲು ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಒಳ್ಳೆಯ ಬ್ಲಾಕರ್ ಕೋರಿಕೆ ಹೊರಡುವ ಮೊದಲೇ ತಡೆಯುತ್ತದೆ. ಪುಟ ಬೇಗ ತೆರೆಯುತ್ತದೆ, ಡೇಟಾವೂ ಉಳಿಯುತ್ತದೆ.

ಯಾವುದನ್ನು ತಡೆಯಬೇಕು ಅಂತ ಅದಕ್ಕೆ ಹೇಗೆ ಗೊತ್ತು? ಪಟ್ಟಿ ಇರುತ್ತದೆ. 2005ರಲ್ಲಿ ರಿಕ್ ಪೆಟ್ನೆಲ್ ಎಂಬವರು ಶುರು ಮಾಡಿದ ಈಸಿಲಿಸ್ಟ್ ಇವತ್ತಿಗೂ ಬಳಕೆಯಲ್ಲಿದೆ. ಅದರ ಒಂದು ಸಾಲು ಹೇಗಿರುತ್ತದೆ ಹೇಳುತ್ತೇನೆ. ಮೊದಲು ಎರಡು ನೆಟ್ಟನೆ ಗೆರೆ. ಆಮೇಲೆ ತಾಣದ ಹೆಸರು, ಜಾಹೀರಾತು ಕಳಿಸುವ ಡಬಲ್‌ಕ್ಲಿಕ್ ಡಾಟ್ ನೆಟ್ ಅಂತಿಟ್ಟುಕೊಳ್ಳಿ. ಕೊನೆಗೆ ಟೋಪಿಯಂಥ ಒಂದು ಗುರುತು. ಈ ಹೆಸರಿಗೂ, ಇದರ ಕೆಳಗಿರುವ ಎಲ್ಲ ಉಪವಿಳಾಸಗಳಿಗೂ ಹೋಗಬೇಡ ಅಂತ ಇದರರ್ಥ. ಸಾಲಿನಲ್ಲಿ ಎರಡು ಹ್ಯಾಶ್ ಗುರುತು ಬಂದರೆ, ಪುಟದ ಇಂಥ ಭಾಗವನ್ನು ಮರೆಮಾಡು ಅಂತ. ಎರಡು ಅಟ್ ಗುರುತಿನಿಂದ ಶುರುವಾದರೆ, ಇದನ್ನು ಬಿಡು ಅಂತ.

ಇಂಥ ಸಾವಿರಾರು ಸಾಲುಗಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ಸ್ವಯಂಸೇವಕರು. ಜಾಹೀರಾತು ಕಂಪನಿ ಹೊಸ ವಿಳಾಸ ಹಿಡಿದರೆ ಹೊಸ ಸಾಲು ಬರೆಯಬೇಕು. ಸಾಲು ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ತಡೆದರೂ ಯಾವುದೋ ಅಂಗಡಿಯ ಹಣ ಕಟ್ಟುವ ಪುಟವೇ ಕೆಡುತ್ತದೆ. ಆಗ ಮತ್ತೆ ತಿದ್ದಬೇಕು. ಇದು ಮುಗಿಯದ ಕೆಲಸ. ನನಗಂತೂ ಇವರ ಮೇಲೆ ತುಂಬ ಗೌರವ.

2014ರಲ್ಲಿ ರೇಮಂಡ್ ಹಿಲ್ ಎಂಬವರು ಬರೆದ ಯುಬ್ಲಾಕ್ ಎಂಬ ಬ್ಲಾಕರ್ ಇಂಥ ಪಟ್ಟಿಗಳನ್ನು ಕಡಿಮೆ ಮೆಮೊರಿಯಲ್ಲಿ ಓಡಿಸಿ ತೋರಿಸಿತು. ಅವರು ಈಗ ನಡೆಸುತ್ತಿರುವುದು ಯುಬ್ಲಾಕ್ ಒರಿಜಿನ್. ಇಲ್ಲಿ ಒಂದು ಬದಲಾವಣೆ ಗಮನಿಸಬೇಕು. ಮೊದಲು ಗೂಗಲ್‌ನ ಕ್ರೋಮ್ ಬ್ರೌಸರಿನಲ್ಲಿ ಪ್ರತಿ ಕೋರಿಕೆಯನ್ನೂ ಬ್ಲಾಕರೇ ನೋಡಿ ತೀರ್ಮಾನಿಸುತ್ತಿತ್ತು. ಕ್ರೋಮ್‌ನ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಪದ್ಧತಿಯಲ್ಲಿ ನಿಯಮಗಳನ್ನು ಮೊದಲೇ ಕೊಟ್ಟುಬಿಡಬೇಕು, ತೀರ್ಮಾನ ಬ್ರೌಸರಿನದ್ದು. ಅದಕ್ಕೇ ಕ್ರೋಮ್‌ಗೆ ಯುಬ್ಲಾಕ್ ಒರಿಜಿನ್ ಲೈಟ್ ಬಂತು. ಸಾಮಾನ್ಯ ಬಳಕೆಗೆ ಪರವಾಗಿಲ್ಲ, ಆದರೆ ಶಕ್ತಿ ಕಡಿಮೆ. ಪೂರ್ತಿ ಆವೃತ್ತಿ ಬೇಕಾದವರಿಗೆ ಫೈರ್‌ಫಾಕ್ಸ್ ಬ್ರೌಸರ್ ಇದೆ. ನಾನು ಹೇಳುವುದೂ ಅದನ್ನೇ.

ಹಾಕಿಕೊಳ್ಳುವಾಗ ಹೆಸರನ್ನು ಅಕ್ಷರ ಅಕ್ಷರ ನೋಡಿ. ಹೆಚ್ಚಿನ ಬ್ಲಾಕರ್‌ಗಳು ನೀವು ತೆರೆಯುವ ಪುಟಗಳನ್ನೆಲ್ಲ ಓದುವ ಅನುಮತಿ ಕೇಳುತ್ತವೆ. ನಕಲಿ ಬ್ಲಾಕರ್ ನಿಮ್ಮ ಜಾಡು ಹಿಡಿಯುವ ಟ್ರ್ಯಾಕರ್‌ಗಿಂತ ಅಪಾಯ, ಅಲ್ವಾ?

ಇನ್ನೊಂದು ಮಾತು. ಜಾಹೀರಾತಿನ ದುಡ್ಡಿನಲ್ಲೇ ನಡೆಯುವ ಸಣ್ಣ ತಾಣಗಳಿವೆ. ನಿಮಗಿಷ್ಟವಾದದ್ದು ಇದ್ದರೆ ಅಲ್ಲಿ ಬ್ಲಾಕರ್ ಆಫ್ ಮಾಡಿ. ಯುಬ್ಲಾಕ್ ಒರಿಜಿನ್‌ನ ಚಿಹ್ನೆ ಒತ್ತಿದರೆ ದೊಡ್ಡದೊಂದು ಪವರ್ ಬಟನ್ ಕಾಣುತ್ತದೆ. ಅದನ್ನು ಒತ್ತಿ ಪುಟವನ್ನು ಮತ್ತೆ ಲೋಡ್ ಮಾಡಿ. ಆ ತಾಣಕ್ಕೆ ಮಾತ್ರ ಆಫ್ ಆಗುತ್ತದೆ, ಬೇರೆ ಕಡೆ ಕೆಲಸ ಮಾಡುತ್ತಲೇ ಇರುತ್ತದೆ. ನಮಸ್ಕಾರ.