ಸಂಘದ ಸಮಯಕ್ಕೂ ಒಂದು ಸಾಲು

ಕೇಳುಗರಿಗೆ ನಮಸ್ಕಾರ. ಸಮಾಜಕಾರ್ಯ ಪಾಠ ಹೇಳುವ ಅಧ್ಯಾಪಕರು, ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯಕ್ಕೆ ಹೋಗುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ) ವಿದ್ಯಾರ್ಥಿಗಳು, ಬಡಾವಣೆಯಲ್ಲೋ ಹಳ್ಳಿಯಲ್ಲೋ ಸಂಘ ನಡೆಸುವ ಅಕ್ಕತಂಗಿಯರು, ಇವತ್ತಿನ ಮಾತು ನಿಮ್ಮ ಜೊತೆ. ಊರಿನ ಸಂಘದೊಡನೆ ಸೇರಿ ಒಂದು ಕೆಲಸ ಮಾಡಿ ಎಂದು ವಿಶ್ವವಿದ್ಯಾಲಯ ತನ್ನ ಅಧ್ಯಾಪಕರಿಗೆ ಸಣ್ಣ ಅನುದಾನ ಕೊಡುತ್ತದೆ. ಐವತ್ತು ಸಾವಿರ ಅಂತ ಇಟ್ಟುಕೊಳ್ಳೋಣ. ಆ ದುಡ್ಡಿಗೆ ಅರ್ಜಿ ಬರೆಯುವಾಗ ಬಜೆಟ್ಟಿನ ಮೊದಲ ಸಾಲಿನಲ್ಲಿ ಸಂಘದವರ ಸಮಯಕ್ಕೆ ಹಣ ಇಡಿ. ನಾನು ಹೇಳಬೇಕಾದದ್ದು ಇದೊಂದೇ. ಇದನ್ನೇ ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸಾಮಾನ್ಯವಾಗಿ ಬಜೆಟ್ ಹೇಗಿರುತ್ತದೆ? ಬ್ಯಾನರ್, ಫೈಲು, ಪೆನ್ನು, ಉದ್ಘಾಟನೆಯ ಹಾರ, ಅತಿಥಿಗಳ ಸಂಭಾವನೆ, ವರದಿಯ ಮುದ್ರಣ. ವಿದ್ಯಾರ್ಥಿಗಳನ್ನು ಮನೆ ಮನೆಗೆ ಕರೆದೊಯ್ದು ಪರಿಚಯ ಮಾಡಿಸುವ ಸಂಘದ ಕಾರ್ಯದರ್ಶಿಗೆ ಸೊನ್ನೆ. ಆಕೆ ಬೀಡಿ ಕಟ್ಟುವವಳಾದರೆ ನಿಮ್ಮ ಜೊತೆ ಎರಡು ಗಂಟೆ ತಿರುಗಿದಷ್ಟೂ ಆ ದಿನದ ಬೀಡಿ ಕಡಿಮೆ, ಕೂಲಿ ಕಡಿಮೆ. ಮೂರನೆಯ ವಾರ ಆಕೆ ಫೋನ್ ಎತ್ತುವುದಿಲ್ಲ. ಆಗ ನಾವು ‘ಸಮುದಾಯದ ಸಹಕಾರ ಸಿಗಲಿಲ್ಲ’ ಎಂದು ವರದಿ ಬರೆಯುತ್ತೇವೆ. ಹಾಗೆ ಬರೆಯಬೇಡಿ. ಸಮಯಕ್ಕೆ ಹಣ ಇಟ್ಟಿರಲಿಲ್ಲ ಎಂದು ಬರೆಯಿರಿ.

ನಮ್ಮ ವೃತ್ತಿಯ ಹಳೆಯ ಕಥೆಯೊಂದನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಷಿಕಾಗೋ ನಗರದಲ್ಲಿ 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಹಲ್ ಹೌಸ್ ಎಂಬ, ಕಾರ್ಯಕರ್ತರು ಬಡವರ ಕೇರಿಯಲ್ಲೇ ನೆಲೆಸಿ ನೆರೆಯವರೊಡನೆ ಕೆಲಸ ಮಾಡುವ ಮನೆ ಶುರು ಮಾಡಿದರು. ವಲಸೆ ಬಂದ ಕೂಲಿಕಾರರ ಕೇರಿ ಅದು, ನಗರದ 19ನೇ ವಾರ್ಡು. ಬೀದಿ ಬದಿಗೆ ದೊಡ್ಡ ದೊಡ್ಡ ಮರದ ಕಸದ ಪೆಟ್ಟಿಗೆಗಳು, ಮಕ್ಕಳು ಅವುಗಳ ಮೇಲೇ ಹತ್ತಿ ಆಡುವುದು. ವಾರ್ಡಿನಲ್ಲಿ ಸಾವು ಹೆಚ್ಚು. ಹಲ್ ಹೌಸಿನ ಮಹಿಳಾ ಕ್ಲಬ್ಬಿನ 12 ಹೆಂಗಸರು ಅಲ್ಲಿನ ನಿವಾಸಿ ಕಾರ್ಯಕರ್ತರ ಜೊತೆ ಸೇರಿ ಓಣಿ ಓಣಿ ತಪಾಸಣೆಗೆ ಹೊರಟರು. ಇಡೀ ದಿನ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ರಾತ್ರಿಯ ಅಡುಗೆ ಮುಗಿಸಿದ ಮೇಲೆ, ಬೇಸಿಗೆಯ ಸೆಕೆಯಲ್ಲಿ, ವಾರಕ್ಕೆ ಮೂರು ಸಂಜೆ. ಅಕ್ಕಪಕ್ಕದವರ ಜೊತೆ ಕಸದ ಪೆಟ್ಟಿಗೆಯ ವಿಚಾರಕ್ಕೆ ಜಗಳ ಬೇರೆ. ಆಗಸ್ಟ್, ಸೆಪ್ಟೆಂಬರ್, ಎರಡೇ ತಿಂಗಳಲ್ಲಿ ಆರೋಗ್ಯ ಇಲಾಖೆಗೆ ಹೋದ ಪುರಾವೆ ಸಹಿತ ದೂರುಗಳು 1,037. ಒಬ್ಬರ ಹಿಂದೊಬ್ಬರಂತೆ ಮೂವರು ಇನ್‌ಸ್ಪೆಕ್ಟರುಗಳಿಗೆ ವರ್ಗವಾಯಿತು.

ಅಷ್ಟಾದರೂ ಕಸ ಹೋಗಲಿಲ್ಲ. ಕಡೆಗೆ ಆಡಮ್ಸ್ ಕಸ ಸಾಗಿಸುವ ಗುತ್ತಿಗೆಗೆ ತಾವೇ ಟೆಂಡರ್ ಹಾಕಿದರು. ತಾಂತ್ರಿಕ ಕಾರಣ ಹೇಳಿ ನಗರಾಡಳಿತ ಅದನ್ನು ತಿರಸ್ಕರಿಸಿತು. ಆದರೆ ಈ ಗದ್ದಲದಿಂದಾಗಿ 1895ರಲ್ಲಿ ಆಡಮ್ಸ್ ಅವರನ್ನೇ ಮೇಯರ್ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು, ಸಂಬಳ ವರ್ಷಕ್ಕೆ 1,000 ಡಾಲರ್. ಬೆಳಗಿನ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುವುದು, ಗಾಡಿ ಕಡಿಮೆ ಬಂದರೆ ಗುತ್ತಿಗೆದಾರನನ್ನು ಹಿಡಿದು ಕೇಳುವುದು. ಒಂದು ಇಕ್ಕಟ್ಟಿನ ಬೀದಿಯಲ್ಲಿ ಕಸ ತೆಗೆಸುತ್ತಾ ಹೋದರೆ 18 ಅಂಗುಲದ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು! ಅಲ್ಲೊಂದು ರಸ್ತೆಯಿತ್ತು ಎಂಬ ದಾಖಲೆ ಆಮೇಲೆ ನಗರದ ಕಡತಗಳಲ್ಲಿ ಸಿಕ್ಕಿತು. ಕಡೆಗೊಂದು ದಿನ ನಗರದ ವಾರ್ಡುಗಳ ಸಾವಿನ ಪ್ರಮಾಣದ ಪಟ್ಟಿಯಲ್ಲಿ ಆ ವಾರ್ಡು ಮೂರನೆಯ ಸ್ಥಾನದಿಂದ ಏಳಕ್ಕೆ ಇಳಿಯಿತು.

ನನಗೆ ಈ ಕಥೆ ಬಹಳ ಪ್ರಿಯ. ಗಮನಿಸಿ, ಇನ್‌ಸ್ಪೆಕ್ಟರಿಗೆ ಸಂಬಳವಿತ್ತು, ಅದಕ್ಕೇ ಕೆಲಸ ವರ್ಷಗಟ್ಟಲೆ ನಡೆಯಿತು. ಆ 12 ಹೆಂಗಸರ ಸಂಜೆಗಳಿಗೆ ಬೆಲೆ ಕಟ್ಟಿದವರು ಯಾರು? ನಿಮ್ಮ ಐವತ್ತು ಸಾವಿರದಲ್ಲಿ ನೀವು ಕಟ್ಟಬಹುದು.

ಲೆಕ್ಕ ಬರೆದುಕೊಳ್ಳಿ. ಕೆಲಸ 20 ವಾರ. ಸಂಘದ ಒಬ್ಬರು ವಾರಕ್ಕೆ ಎರಡು ಅರ್ಧ ದಿನ, ಒಟ್ಟು 40 ಅರ್ಧ ದಿನ. ಅರ್ಧ ದಿನಕ್ಕೆ 400 ರೂಪಾಯಿ ಹಿಡಿದರೆ 16,000. ಸಭೆಗೆ ಬರುವವರ ಬಸ್ ಚಾರ್ಜು, ಊಟ, ಜೊತೆಯಲ್ಲಿ ಬರುವ ಮಕ್ಕಳನ್ನು ನೋಡಿಕೊಳ್ಳುವವರಿಗೆ, ಎಲ್ಲ ಸೇರಿ 12,000. ವಿದ್ಯಾರ್ಥಿಗಳ ಓಡಾಟಕ್ಕೆ 9,000, ಕನ್ನಡದ ಕರಪತ್ರ ಮತ್ತು ವರದಿಗೆ 5,000, ಜಾಗ, ಮೈಕು, ಜಮಖಾನೆಗೆ 3,000. ಉಳಿದ 5,000 ಕೈಯಲ್ಲಿರಲಿ. ಈ ಲೆಕ್ಕವನ್ನು ವಿಭಾಗದ ಕೋಣೆಯಲ್ಲಿ ಬರೆಯಬೇಡಿ, ಸಂಘದವರು ಕೂರುವ ಜಾಗದಲ್ಲೇ ಕೂತು ಬರೆಯಿರಿ. 400 ಸಾಕೇ ಎಂದು ಅವರನ್ನೇ ಕೇಳಿ.

ಹಣಕಾಸು ವಿಭಾಗದವರು ‘ಸಂಭಾವನೆಗೆ ಅವಕಾಶವಿಲ್ಲ’ ಎನ್ನುತ್ತಾರೆ. ಎಂದೇ ಎನ್ನುತ್ತಾರೆ! ಹಣ ಮಂಜೂರಾದ ಮೇಲೆ ಈ ಸಾಲು ಸೇರಿಸಲು ಹೋದರೆ ಆಗುವುದಿಲ್ಲ. ಅರ್ಜಿಯಲ್ಲೇ ‘ಸಮುದಾಯ ಸಂಯೋಜಕರ ಗೌರವಧನ’ ಎಂದು ದಿನಗಳ ಸಂಖ್ಯೆ, ದರ ಸಮೇತ ಬರೆಯಿರಿ. ಪ್ರತಿ ಭೇಟಿಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿ, ತಿಂಗಳ ಕೊನೆಗೆ ವೋಚರ್ ಮಾಡಿ, ಹಣ ಅವರ ಬ್ಯಾಂಕ್ ಖಾತೆಗೇ ಹೋಗಲಿ. ನಗದು ಬೇಡ. ನಗದು ಕೊಟ್ಟರೆ ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ, ಮುಂದಿನ ವರ್ಷ ಈ ಸಾಲನ್ನೇ ಹೊಡೆದುಹಾಕುತ್ತಾರೆ.

ಇನ್ನೊಂದು ತೊಡಕು, ‘ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ಕೊಡಿ’ ಎನ್ನುವ ಪದ್ಧತಿ. ಖಾತೆಯಲ್ಲಿ ಎರಡು ಸಾವಿರವೂ ಇಲ್ಲದ ಸಂಘ ಎಲ್ಲಿಂದ ತರಬೇಕು? ಮುಂಗಡ ಕೇಳಿ. ಮುಂಗಡ ಅಧ್ಯಾಪಕರ ಹೆಸರಿಗೇ ಬಂದರೂ ಸರಿ, ಹೊಣೆ ನೀವು ಹೊರಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಂಘ ನೋಂದಣಿಯಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಆಡಳಿತ ಮಂಡಳಿಯ ವಾರ್ಷಿಕ ಪಟ್ಟಿ, ಲೆಕ್ಕ ಸಲ್ಲಿಸಿದೆಯೇ ಎಂದು ಅರ್ಜಿಗೆ ಮೊದಲೇ ನೋಡಿ. ಬಾಕಿ ಇದ್ದರೆ ಅದನ್ನು ಸರಿಪಡಿಸಲು ನಿಮ್ಮ ವಿದ್ಯಾರ್ಥಿಗಳು ನೆರವಾಗಲಿ, ಅದೂ ಕ್ಷೇತ್ರಕಾರ್ಯವೇ. ಒಪ್ಪಂದ ಒಂದೇ ಪುಟ ಇರಲಿ, ಕನ್ನಡದಲ್ಲಿರಲಿ. ಯಾರು ಏನು ಮಾಡುತ್ತಾರೆ, ಹಣ ಯಾವಾಗ ಬರುತ್ತದೆ, ಸಂಗ್ರಹಿಸಿದ ಮಾಹಿತಿ ಯಾರ ಬಳಿ ಇರುತ್ತದೆ, ಇಷ್ಟು ಸಾಕು. ಸೆಮಿಸ್ಟರ್ ಮುಗಿದ ಕೂಡಲೇ ವಿದ್ಯಾರ್ಥಿಗಳು ಮಾಯವಾಗುತ್ತಾರೆ, ಆದ್ದರಿಂದ ಕೊನೆಯ ಎರಡು ವಾರ ಹೊಸ ಕೆಲಸ ಹಚ್ಚಿಕೊಳ್ಳಬೇಡಿ. ಆ ಎರಡು ವಾರದಲ್ಲಿ ವರದಿಯನ್ನು ಸಂಘದ ಸಭೆಯಲ್ಲಿ ಓದಿ ಹೇಳಿ, ತಪ್ಪಿದ್ದರೆ ಅವರು ತಿದ್ದಲಿ. ಮಾರ್ಚ್ 31ಕ್ಕೆ ಮೊದಲೇ ಬಿಲ್ಲುಗಳೆಲ್ಲ ಹಣಕಾಸು ವಿಭಾಗ ಸೇರಿರಬೇಕು. ಕೊನೆಯ ತಿಂಗಳ ಗೌರವಧನದ ವೋಚರ್ ಅದರಲ್ಲಿ ಇದೆಯೇ ಎಂದು ಎರಡು ಸಲ ನೋಡಿಕೊಳ್ಳಿ. ನಮಸ್ಕಾರ.